ಮಾವನವರ ಕಾರಿನ ಭಕ್ತಿ

ನಮ್ಮ ಮಾವ ಗಡಿಗೆಪ್ಪನವರು ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟವರು. ಗುಡಿಯ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಅಂಥವರಿಗೆ ಎಂಬತ್ತೆರಡನೇ ಇಸವಿಯಲ್ಲಿ ಇದ್ದಕ್ಕಿದ್ದಂತೆ ಭಕ್ತಿ ಬಂತು. ಆ ವರ್ಷ ದೇವದುರ್ಗದ ಸಂತೆಯಲ್ಲಿ ಅವರ ಗೆಳೆಯರೊಬ್ಬರ ಜೀಪು ಕಳವಾಗಿತ್ತು. ಮಾವ ತಮ್ಮ ಅಂಬಾಸಿಡರನ್ನು ರಾಯಚೂರಿಗೆ ರಿಪೇರಿಗೆಂದು ಒಯ್ದವರು, ಬರುವಾಗ ಸ್ಟೇರಿಂಗಿನ ಪಕ್ಕ ಗುರುಗುಂಟಾ ಅಮರೇಶ್ವರನ ಪಟ ಕೂಡಿಸಿಕೊಂಡು ಬಂದರು. ಅಂದಿನಿಂದ ಕಾರು ಹತ್ತಿದರೆ ಪಟ ಮುಟ್ಟಿ ನಮಸ್ಕಾರ, ಇಳಿಯುವಾಗ ಮತ್ತೊಮ್ಮೆ. ಅತ್ತೆ ಗುರುಶಾಂತಮ್ಮನವರಿಗೆ ಹಿಗ್ಗೋ ಹಿಗ್ಗು.

"ನಮ್ಮವ್ರಿಗೆ ಈಗ ದೇವರು ಬೇಕಾಗ್ಯಾನ" ಎಂದು ಓಣಿಯ ಹೆಂಗಸರಿಗೆಲ್ಲ ಸಾರಿಬಿಟ್ಟರು. ನನಗೇನೋ ನಂಬಿಕೆ ಬಂದಿರಲಿಲ್ಲ. ಆದರೆ ಸೊಸೆ ಬಾಯಿ ಬಿಡುವ ವಿಷಯವೇ ಅದು?

ಮುಂದಿನ ವರ್ಷ ಒಂದು ಬೆಳಗ್ಗೆ ಚಹಾ ಕುಡಿಯುತ್ತ ಕುಳಿತಿದ್ದ ಮಾವ ಪಕ್ಕಕ್ಕೆ ವಾಲಿದರು. ಬಾಯಿ ಸೊಟ್ಟಗಾಯಿತು, ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಡಾಕ್ಟರು ಬಂದು ನೋಡಿ, ತಡ ಮಾಡದೆ ರಾಯಚೂರಿಗೆ ಒಯ್ಯಿರಿ ಎಂದರು. ನನ್ನ ಗಂಡ ಊರಲ್ಲಿರಲಿಲ್ಲ. ಗಿರಣಿಯ ಡ್ರೈವರ್ ಮಲ್ಲಯ್ಯ ಓಡಿ ಬಂದ. ಮಾವನನ್ನು ಮುಂದಿನ ಸೀಟಿನಲ್ಲಿ ಒರಗಿಸಿ, ಅತ್ತೆ ಮತ್ತು ನಾನು ಹಿಂದೆ ಕುಳಿತೆವು.

ಕಾರು ಗುರುಗುಟ್ಟಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಮಲ್ಲಯ್ಯ ಬಾನೆಟ್ ಎತ್ತಿ, ವೈರುಗಳನ್ನು ಜಗ್ಗಿ ನೋಡಿ ಬಂದ.

"ಯವ್ವಾ, ಪೆಟ್ರೋಲ್ ಅದ, ಬ್ಯಾಟರಿ ಅದ. ಕಾಯಿಲ್‌ಗೆ ಮಾತ್ರ ಕರೆಂಟ್ ಬರವಲ್ದು. ಕಳ್ರು ಒಯ್ಯಬಾರ್ದು ಅಂತ ಸಾಹುಕಾರ್ರು ಎಲ್ಲೋ ಗುಪ್ತ ಸ್ವಿಚ್ ಹಾಕಿಸ್ಯಾರ. ಎಲ್ಲದ, ಗೊತ್ತೇನ್ರಿ?"

ಗೊತ್ತಿದ್ದದ್ದು ಒಬ್ಬರಿಗೇ, ಅವರಿಗೆ ಮಾತಿಲ್ಲ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಹೆಂಡತಿಗೂ ಹೇಳಬಾರದಂಥ ಗುಟ್ಟೇನಿತ್ತು ಈ ತಗಡಿನ ಡಬ್ಬಿಯಲ್ಲಿ! ಮಲ್ಲಯ್ಯ ಸೀಟಿನ ಕೆಳಗೆ, ಪೆಡಲಿನ ಹಿಂದೆ ತಡಕಾಡಿದ. ಮಾವ ಎಡಗೈಯನ್ನು ಪಟದ ಕಡೆ ಚಾಚಿದರು, ಎಟುಕಲಿಲ್ಲ. ಅತ್ತೆಯ ದುಃಖ ಕಟ್ಟೆಯೊಡೆಯಿತು.

"ಇಂಥಾ ಹೊತ್ನ್ಯಾಗೂ ದೇವರನ್ನ ಮರೀಲಿಲ್ಲ ನೋಡವ್ವಾ" ಎಂದು ಮುಂದೆ ಬಾಗಿ, ಗಂಡನ ಕೈ ಹಿಡಿದು ಪಟಕ್ಕೆ ಮುಟ್ಟಿಸಿದರು. ಮಾವನ ಹೆಬ್ಬೆರಳು ಚೌಕಟ್ಟಿನ ಕೆಳಗೆ ತೂರಿತು. ಟಕ್ಕೆಂದಿತು. ಮಲ್ಲಯ್ಯ ಕೀ ತಿರುಗಿಸಿದ, ಎಂಜಿನ್ ಒಂದೇ ಏಟಿಗೆ ಶುರುವಾಯಿತು.

ಕಲ್ಲೂರು ದಾಟುವವರೆಗೂ ಅತ್ತೆ ಆ ಚೌಕಟ್ಟಿನ ಕೆಳಗನ್ನೇ ದಿಟ್ಟಿಸುತ್ತಿದ್ದರು. ಆಮೇಲೆ, "ಮೊದಲು ನೀವು ಉಳಕೋರಿ. ನಿಮ್ಮ ಕೂಡ ಮಾತಾಡೋದದ" ಎಂದರು.

ಮಾವ ಉಳಿದುಕೊಂಡರು. ಮಾತು ತೊದಲುತ್ತ ತೊದಲುತ್ತ ಮರಳಿತು. ಅತ್ತೆ ಬೈಯಲೇ ಇಲ್ಲ. ಮೆಕ್ಯಾನಿಕ್ಕನನ್ನು ಮನೆಗೇ ಕರೆಸಿ ಸ್ವಿಚ್ಚು ಕೀಳಿಸಿದರು, ಪಟ ಇರಲಿ ಎಂದರು. ಓಣಿಯಲ್ಲಿ ಗಂಡನ ಭಕ್ತಿಯ ಸುದ್ದಿ ಎತ್ತುವುದನ್ನು ಬಿಟ್ಟರು. ಅವರ ಮುಖ ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಯುಗಾದಿ ಮುಗಿದ ಮೇಲೆ ಆಸ್ಪತ್ರೆಗೆ ಮತ್ತೆ ತೋರಿಸಲು ಹೊರಟೆವು. ಮಲ್ಲಯ್ಯ ಕೀ ಹಾಕುವ ಮೊದಲೇ ಮಾವನ ಎಡಗೈ ಪಟಕ್ಕೆ ಹೋಯಿತು.

"ಸ್ವಿಚ್ ತೆಗಿಸೀನಿ. ಅಲ್ಲೇನೂ ಇಲ್ಲ" ಎಂದರು ಅತ್ತೆ.

"ಗೊತ್ತದ" ಎಂದರು ಮಾವ. ಕೈ ತೆಗೆಯಲಿಲ್ಲ.

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಸಂಜೆ ಊರು ಮುಟ್ಟಿದ ಮೇಲೆ ಓಣಿಯ ಹೆಂಗಸರಿಗೆಲ್ಲ ಮತ್ತೆ ಸುದ್ದಿ ಹೋಯಿತು.