ಉಸಿರೆಳೆವ ಬೋರು

ಮತ್ತೆ ಬಂತು ಆ ಸದ್ದು, ಹುಸ್ ಅಂತ, ಹಾವಿನದಲ್ಲ, ಹಾವಾಗಿದ್ದರೆ ಶೈಲಜಾ ಕಲ್ಲು ಹಿಡಿದು ನಿಲ್ಲುತ್ತಿದ್ದಳು, ಇದು ಬೋರಿನದು, ಎಂದೋ ಬತ್ತಿ ಸತ್ತ ಬೋರು, ಚಪ್ಪಡಿ ಸರಿಸಿದರೆ ಕಬ್ಬಿಣದ ಪೈಪಿನೊಳಗಿಂದ ಗಾಳಿ, ಗಾಳಿಯ ಹಿಂದೆ ನೀರು, ಆಳೆತ್ತರ ಚಿಮ್ಮಿ, ಬಿದ್ದು, ಸುಮ್ಮನಾಗಿ, ಮತ್ತೆ — ಪಕ್ಕದ ಹೊಲದಲ್ಲಿ ಸಣ್ಣಪ್ಪ ಬೋರು ಕೊರೆಸುತ್ತಿದ್ದಾನೆ, ಲಾರಿ ಬೆಳಗಿನಿಂದ ಗುಡುಗುತ್ತಿದೆ, ಕೊರೆಯಲು ಅದು ಒತ್ತುವ ಗಾಳಿ ಬಂಡೆಯ ಸಂದಿ ಹಿಡಿದು ಇಲ್ಲಿ ಏಳುತ್ತಿದೆ, ಅಷ್ಟೇ, ಬೇವೂರಿನಲ್ಲಿ ಎಲ್ಲರೂ ಕಂಡದ್ದೇ, ಗಂಡ ಕೊಟ್ರೇಶನಿಗೂ ಗೊತ್ತಿರಬೇಕು, ಗೊತ್ತಿದ್ದೂ ಮನೆಗೆ ಓಡಿದ್ದಾನೆ ಉಡಿ ಸಾಮಾನು ತರಲು, ಹಸಿರು ಬಳೆ, ಕುಬಸ, ಕೊಬ್ಬರಿ, ಅವ್ವ ಬಂದಾಳ ಶೈಲಾ, ನಮ್ಮವ್ವ ಬಂದಾಳ, ತಾಯಿ ಹೋದಮೇಲೆ ಅವನು ನಕ್ಕದ್ದು ಇವತ್ತೇ, ಆ ನಗುವಿಗೆ ಎದುರಾಗಿ ಇವಳು ಏನು ಹೇಳಿಯಾಳು.

ಅತ್ತೆ ಪಾರ್ವತೆಮ್ಮ ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ, ಮನೆಯವರೆಲ್ಲ ಗೋಕರ್ಣಕ್ಕೆ ಹೋದಾಗ ದಂಡೆಯ ಬಂಡೆಯಲ್ಲೊಂದು ತೂತು, ಒಬ್ಬ ಆಳು ಇಳಿಯುವಷ್ಟು ಅಗಲ, ಕೆಳಗೆ ತೆರೆ ಬಡಿದರೆ ಮೇಲೆ ಬಿಳೀ ಕಾರಂಜಿ, ಅತ್ತೆ ಕೈ ಮುಗಿದೇ ಬಿಟ್ಟಳು, ಗಂಗವ್ವ ನೆಲದಾಗಿಂದ ತಾನ ಎದ್ದು ಬರಾಕತ್ಯಾಳ, ಉಡಿ ತುಂಬದ ಹ್ಯಾಂಗ ಹೋಗೂದು, ಬೋರಿಗೆ ನೀರು ಬಿದ್ದರೆ ಉಡಿ ತುಂಬುವ ಊರವಳು, ಅವಳಿಗೆ ಬೇರೇನು ತಿಳಿದೀತು, ಬಲೆ ಒಣಗಿಸುತ್ತಿದ್ದ ಮುದುಕ ಕೂಗಿದ, ಅಮ್ಮಾ ಹತ್ರ ಹೋಗ್ಬೇಡಿ, ಉಗುಳೋ ಮುಂಚೆ ಅದು ಒಳಗೆ ಎಳ್ಕೊಳ್ತದೆ, ಅಷ್ಟರಲ್ಲಿ ಅತ್ತೆ ಬಾಗಿದ್ದಳು, ಗಾಳಿ ಸಮುದ್ರದಿಂದ ಬೀಸುತ್ತಿತ್ತು, ಎಲ್ಲರ ಸೆರಗೂ ಊರ ಕಡೆಗೆ ಹಾರುತ್ತಿತ್ತು, ಅತ್ತೆಯ ಸೆರಗಿನ ಅಂಚು ಮಾತ್ರ ತೂತಿನ ಕಡೆಗೆ, ಮೆಲ್ಲಗೆ, ಒಳಗಿನಿಂದ ಯಾರೋ ಚುಂಗು ಹಿಡಿದಂತೆ — ಆಮೇಲೆ ಬಿಳುಪು, ಆಮೇಲೆ ಬರೀ ಬಂಡೆ. ಹೆಣವೂ ಸಿಗಲಿಲ್ಲ.

ಅಂದಿನಿಂದ ಕೊಟ್ರೇಶನ ಮೊಬೈಲಿನಲ್ಲಿ ಇಂಥ ತೂತುಗಳ ವಿಡಿಯೋಗಳೇ, ಆಸ್ಟ್ರೇಲಿಯಾದ್ದು, ಮೆಕ್ಸಿಕೋದ್ದು, ಓಮಾನಿನದು, ಸುತ್ತ ನಿಂತ ಜನ ತೊಯ್ದು ಕೇಕೆ ಹಾಕುತ್ತಾರೆ, ಅವನು ಆ ನೀರಿನಲ್ಲಿ ಅವ್ವನ ಇಳಕಲ್ ಸೀರೆ ಹುಡುಕುತ್ತಾನೆ, ಎಲ್ಲಾ ಒಳಗ ಒಂದಕ್ಕೊಂದು ಕೂಡ್ಯಾವ ಶೈಲಾ, ಒಂದು ಕಡೆ ಹೋದವ್ರು ಮತ್ತೊಂದು ಕಡೆ ಬರಬೇಕಲ್ಲ, ಪಾಪ ಅನ್ನಿಸಿ ಇವಳು ಹೂಂ ಅಂದಿದ್ದಳು, ಅನ್ನಬಾರದಿತ್ತು — ಈಗ ಬೋರಿನ ಹನಿ ತುಟಿಗೆ ಸಿಡಿಯಿತು, ಉಪ್ಪು, ಇರಲಿ, ಈ ಸೀಮೆಯ ಬೋರಿನ ನೀರೆಲ್ಲ ಸವಳೇ, ಆದರೆ ಮೀನಿನ ವಾಸನೆ ಯಾಕೆ, ಬೇವೂರಿನ ಎರೆಮಣ್ಣಿನಲ್ಲಿ ಮೀನು ಎಲ್ಲಿಂದ, ಅಗೋ ಬಂದ ಕೊಟ್ರೇಶ, ಹೆಗಲಲ್ಲಿ ಟವೆಲು, ಕೈಯಲ್ಲಿ ತಾಟು, ತಾಟಿನಲ್ಲಿ ಹಸಿರು ಬಳೆ, ಅದೇ ಹೊತ್ತಿಗೆ ಸಣ್ಣಪ್ಪನ ಹೊಲದ ಲಾರಿಯ ಗುಡುಗು ನಿಂತಿತು, ನೀರು ಕೆಳಗಿಳಿಯಿತು, ಪೈಪು ಮಾತ್ರ ಸುಮ್ಮನಾಗಲಿಲ್ಲ, ಅವನು ಮೊಣಕಾಲೂರಿದ, ಬಳೆ ಹಿಡಿದ ಕೈಯನ್ನು ಪೈಪಿನೊಳಗೆ ಇಳಿಬಿಟ್ಟ, ಇವಳ ಬಾಯಿ ಕೊನೆಗೂ ತೆರೆಯಿತು, ರೀ, ಬಾಗಬ್ಯಾಡ್ರಿ, ಅದು ಅವ್ವ ಅಲ್ರಿ, ಲಾರಿ ಗಾಳಿರಿ ಅದು, ಅವನು ತಿರುಗಿ ನಕ್ಕ, ಲಾರಿ ನಿಂತೈತಲ್ಲ, ಉಸಿರು ಕೇಳ ಬಾ — ಗಾಳಿ ಮೂಡಲಿಗೆ ಬೀಸುತ್ತಿತ್ತು, ಸಜ್ಜೆಯ ತೆನೆಯೆಲ್ಲ ಮೂಡಲಿಗೆ ಬಾಗಿದ್ದವು, ಅವನ ಹೆಗಲ ಟವೆಲಿನ ಅಂಚು ಮಾತ್ರ ಪೈಪಿನ ಕಡೆಗೆ, ಮೆಲ್ಲಗೆ, ಪೈಪಿನ ಕಡೆಗೆ