ಅಣ್ಣ ಮಲಗವ್ನೆ

ಪಟ್ಟಂದೂರು ಅಗ್ರಹಾರದ ಸಿದ್ದರಾಜುವಿಗೆ ಕಾರ್ಪೊರೇಟರ್ ಆಗಬೇಕೆಂಬ ಆಸೆ ಹುಟ್ಟಿದ್ದರಲ್ಲಿ ತಪ್ಪೇನಿರಲಿಲ್ಲ. ಚುನಾವಣೆ ಘೋಷಣೆಯಾಗುವ ಮೊದಲೇ ಓಡಲು ಶುರು ಮಾಡಿದ್ದು ತಪ್ಪಾಯಿತು. ಬೇಸಿಗೆಗೆ ಚುನಾವಣೆ ಎಂದರು, ಓಡಿದ. ದಸರಾ ಕಳೆದ ಮೇಲೆ ಎಂದರು, ಇನ್ನೂ ಜೋರಾಗಿ ಓಡಿದ. ವಾರ್ಡಿನ ಗಡಿ ಬದಲಾಯಿತು, ಹೆಸರು ಬದಲಾಯಿತು, ಚುನಾವಣೆ ಮಾತ್ರ ಬರಲಿಲ್ಲ. ಸಿದ್ದರಾಜು ನಿಲ್ಲಲೂ ಇಲ್ಲ.

ಹಿರಿಯರ ಜಮೀನಿನಲ್ಲಿ ಎದ್ದ ಬಾಡಿಗೆ ಮನೆಗಳಿಂದ ಹೊಟ್ಟೆಗೆ ತೊಂದರೆಯಿರಲಿಲ್ಲ. ಹಾಗಾಗಿ ದಿನವಿಡೀ ಊರಿನ ಕೆಲಸ. ಟ್ಯಾಂಕರ್ ಬಾರದಿದ್ದರೆ ಸಿದ್ದಣ್ಣ, ಪಿಜಿ ಮುಂದೆ ಕಸ ಬಿದ್ದರೆ ಸಿದ್ದಣ್ಣ, ಗಂಡ ಹೆಂಡತಿ ಜಗಳಕ್ಕೂ ಸಿದ್ದಣ್ಣ. ಇದರ ಮೇಲೆ ನಾಮಕರಣ, ಕಿವಿ ಚುಚ್ಚುವುದು, ಗೃಹಪ್ರವೇಶ, ತಿಥಿ. ಕರೆದವರ ಮನೆಗೆ ಹೋಗುತ್ತಿದ್ದ. ಕರೆಯದವರ ಮನೆಗೆ ಇನ್ನೂ ಬೇಗ ಹೋಗುತ್ತಿದ್ದ.

“ರೀ, ಊರಿನ ಮಕ್ಕಳಿಗೆಲ್ಲ ಹೆಸರಿಡ್ತೀರಲ್ಲ, ನಮ್ಮ ಮಗಳು ಎಷ್ಟನೇ ಕ್ಲಾಸು ಹೇಳಿ ನೋಡೋಣ,” ಎಂದು ಹೆಂಡತಿ ಪದ್ಮಾವತಿ ಒಮ್ಮೆ ಕೇಳಿದಳು.

“ಏಳು.”

“ಅದು ಹೋದ ವರ್ಷ.”

“ನಾನು ಹೋಗ್ದಿದ್ರೆ ಶಿವರಾಜ್ ಹೋಗ್ತಾನೆ ಕಣೇ,” ಎಂದ ಸಿದ್ದರಾಜು. ಶಿವರಾಜ್ ಪಕ್ಕದ ಬೀದಿಯವನು, ಅವನಿಗೂ ಅದೇ ಕುರ್ಚಿಯ ಮೇಲೆ ಕಣ್ಣು. ಹೆಂಡತಿ ಏನೇ ಕೇಳಿದರೂ ಸಿದ್ದರಾಜುವಿನ ಬಳಿ ಇದ್ದದ್ದು ಈ ಒಂದೇ ಉತ್ತರ.

ಆಷಾಢ ಕಳೆದು ಬಂದ ಮೊದಲ ಭಾನುವಾರ ಊರಿಗೆ ಊರೇ ಮದುವೆಯಾಗುತ್ತಿದ್ದಂತಿತ್ತು. ಬೆಳಗಿನಿಂದ ಚೌಲ್ಟ್ರಿಯಿಂದ ಚೌಲ್ಟ್ರಿಗೆ ಸುತ್ತಿ, ಕೇಸರಿಬಾತು ನುಂಗಿ ನುಂಗಿ, ಮಧ್ಯಾಹ್ನದ ಹೊತ್ತಿಗೆ ಸಿದ್ದರಾಜು ಕಾರಿನ ಹಿಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದ. ಕಾರು ಓಡಿಸುತ್ತಿದ್ದವನು ಪದ್ಮಾವತಿಯ ತಮ್ಮ ನರೇಶ್. “ಭಾವ, ಮುಂದಿಂದು ಹನುಮಂತಯ್ಯನೋರ ಮನೆ,” ಎಂದ. ಮುಂದೆಯೂ ಏನೋ ಹೇಳಿದ, ಸಿದ್ದರಾಜುವಿನ ಕಿವಿಗೆ ಬೀಳಲಿಲ್ಲ. ಕಣ್ಣು ಬಿಟ್ಟರೆ ಮನೆ ಮುಂದೆ ಶಾಮಿಯಾನ, ಸಾಲು ಕುರ್ಚಿ, ತುಂಬ ಜನ. ಅಷ್ಟು ಸಾಕಾಯಿತು. ಹಾರ ಹಿಡಿದು, ಕೈ ಮುಗಿಯುತ್ತ ನುಗ್ಗಿದವನು ನೇರ ಮನೆಯೊಡತಿ ರಾಮಮ್ಮನ ಮುಂದೆ ನಿಂತ.

“ತುಂಬಾ ಸಂತೋಷ ಆಯ್ತು ಕಣಕ್ಕ. ಇವತ್ತು ಊಟಕ್ಕೆ ನಿಲ್ಲಕ್ಕಾಗಲ್ಲ, ಬೇಜಾರ್ ಮಾಡ್ಕೋಬೇಡಿ. ಮುಂದಿನ ಸಲ ಖಂಡಿತ ಊಟ ಮಾಡ್ಕೊಂಡೇ ಹೋಗ್ತೀನಿ.”

ಅಳುತ್ತಿದ್ದ ಹೆಂಗಸರೆಲ್ಲ ಗಪ್ಪನೆ ಸುಮ್ಮನಾದರು. ಆಗ ಸಿದ್ದರಾಜುವಿಗೆ ರಾಮಮ್ಮನ ಪಕ್ಕದಲ್ಲಿದ್ದ ಗಾಜಿನ ಪೆಟ್ಟಿಗೆ ಕಂಡಿತು. ಒಳಗೆ, ಮೂಗಿಗೆ ಹತ್ತಿ ಇಟ್ಟುಕೊಂಡು, ಹನುಮಂತಯ್ಯ.

ಸಿದ್ದರಾಜು ಪೆಟ್ಟಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದ. ಮುಖ ತೋರಿಸಲಾರದೆ ಗಾಜಿನ ಮೇಲೆ ಹಣೆ ಊರಿದ. ಫ್ರೀಜರ್ ಪೆಟ್ಟಿಗೆಯ ಗಾಜು ತಣ್ಣಗಿತ್ತು. ಎಷ್ಟೋ ತಿಂಗಳಿಂದ ಅವನ ತಲೆಗೆ ಅಂಥ ತಂಪು ಸಿಕ್ಕಿರಲಿಲ್ಲ. ಕಣ್ಣು ತಾನಾಗಿ ಮುಚ್ಚಿತು.

“ಪಾಪ, ಎಷ್ಟು ಹಚ್ಕೊಂಡಿದ್ದ ನೋಡು,” ಎಂದು ಯಾರೋ ಮೆಚ್ಚಿಕೊಂಡರು. ಮರ್ಯಾದೆ ಹಾಗೆಯೇ ಉಳಿಯುತ್ತಿತ್ತೇನೋ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪೆಟ್ಟಿಗೆಯ ಕಡೆಯಿಂದ ಗೊರಕೆ ಕೇಳಿಸಿತು. ಹನುಮಂತಯ್ಯನ ತಂಗಿ ಹೌಹಾರಿ ಎದ್ದು, “ಅಯ್ಯೋ, ನಮ್ಮಣ್ಣ ಉಸುರಾಡ್ತಾವ್ನೆ! ಮುಚ್ಚಳ ತೆಗೀರೋ!” ಎಂದು ಕಿರುಚಿಕೊಂಡಳು. ತಮಟೆಯವರು ತಮಟೆ ಬಿಟ್ಟು ಓಡಿದರು. ಒಬ್ಬ ಪ್ಲಗ್ ಕಿತ್ತ, ಇನ್ನಿಬ್ಬರು ಮುಚ್ಚಳ ಎತ್ತಿದರು. ಹನುಮಂತಯ್ಯ ಮೊದಲಿನಷ್ಟೇ ಸತ್ತಿದ್ದರು. ಮುಚ್ಚಳದ ಜೊತೆ ತಲೆಯೂ ಮೇಲೆದ್ದು, ಕುರ್ಚಿಯ ಬೆನ್ನಿಗೆ ವಾಲಿಕೊಂಡು ಗೊರಕೆ ಹೊಡೆಯುತ್ತಲೇ ಇದ್ದವನು ಸಿದ್ದರಾಜು.

ಅಲುಗಾಡಿಸಿದರೂ ಏಳಲಿಲ್ಲವೆಂದು ಹೊತ್ತುಕೊಂಡು ಆಸ್ಪತ್ರೆಗೆ ಹೋದರು. ಎಚ್ಚರವಾದ ಮೇಲೆ ಬಿಪಿ ನೋಡಿದ ಡಾಕ್ಟರ್ ಹುಬ್ಬೇರಿಸಿ, “ಏನ್ ಕೆಲಸ ಸಾರ್ ನಿಮ್ದು?” ಎಂದರು.

“ಸಮಾಜ ಸೇವೆ.”

“ಒಂದು ತಿಂಗಳು ಸಮಾಜಕ್ಕೆ ರಜ ಕೊಡಿ. ಇಲ್ದಿದ್ರೆ ಸಮಾಜ ನಿಮ್ಗೆ ಹಾರ ಹಾಕುತ್ತೆ.”

ಮನೆಗೆ ಬಂದ ಮೇಲೆ ಸಿದ್ದರಾಜುವನ್ನು ಮಂಚಕ್ಕೆ ಹಾಕಿ, ಅವನ ಫೋನನ್ನು ಅವನ ತಾಯಿ ಮುನಿಯಕ್ಕ ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಳು. ಗೊರಕೆಯ ವಿಡಿಯೋ ಅಷ್ಟರಲ್ಲಿ ವಾಟ್ಸಾಪಿನಲ್ಲಿ ವೈಟ್‌ಫೀಲ್ಡ್ ದಾಟಿತ್ತು.

ಮೊದಲ ಫೋನು ಬಾಡಿಗೆ ಮನೆಯ ಅಮರೇಶನದು. ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವನು. “ಅಣ್ಣಾರ ಅದಾರೇನ್ರೀ? ನೀರಿನ ಗಾಡಿ ಬಂದಿಲ್ರೀ.”

“ಅಣ್ಣ ಮಲಗವ್ನೆ,” ಎಂದಳು ಮುನಿಯಕ್ಕ. “ಟ್ಯಾಂಕರ್‌ನೋನ ನಂಬರ್ ಐತೇನಪ್ಪ ನಿನ್ತಾವ?”

“ಐತ್ರೀ.”

“ಅಂಗಾದ್ರೆ ಅವನಿಗೆ ಮಾಡು. ನಮ್ಮ ಉಡುಗ ಏನು ಎಗಲ ಮ್ಯಾಲೆ ನೀರು ಒತ್ಕೊಂಡ್ ಬತ್ತಾನಾ?”

ನಾಮಕರಣಕ್ಕೆ ಕರೆದವರಿಗೆ, “ಎತ್ತೋರು ನೀವು, ಎಸ್ರೂ ನೀವೇ ಇಟ್ಕಳಿ,” ಎಂದಳು. ಕುಡಿದು ಜಗಳಾಡಿ ಫೋನು ಮಾಡಿದವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವನು ಆಮೇಲೆ ಜಗಳವನ್ನೇ ಬಿಟ್ಟನಂತೆ.

ಒಂದು ವಾರ ಕಳೆಯುವಷ್ಟರಲ್ಲಿ ಫೋನು ಬಡಿದುಕೊಳ್ಳುವುದು ಕಡಿಮೆಯಾಯಿತು.

“ನೀರು ಬಂತಾ?” ಎಂದು ಸಿದ್ದರಾಜು ಮೆಲ್ಲಗೆ ಹೆಂಡತಿಯನ್ನು ಕೇಳಿದ.

“ಬಂತು.”

“ಕಸ?”

“ಎತ್ಕೊಂಡು ಹೋದ್ರು. ಪಿಜಿ ಹುಡುಗರೇ ಫೋನ್ ಮಾಡಿ ಗಾಡಿ ಕರೆಸಿದ್ರಂತೆ.”

ಸಿದ್ದರಾಜು ಗೋಡೆ ಕಡೆ ತಿರುಗಿ ಮಲಗಿದ. ಡಾಕ್ಟರು ಹೇಳಿದ ಮಾತಿಗೂ ಅಷ್ಟು ನೋವಾಗಿರಲಿಲ್ಲ. ತಾನು ಎದ್ದು ನಿಂತರೆ ಮಾತ್ರ ಊರು ನಡೆಯುವುದು ಎಂದುಕೊಂಡಿದ್ದವನು, ತಾನು ಮಲಗಿರುವಾಗಲೂ ಊರು ಕಾಫಿ ಕುಡಿದು ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿರುವ ಸದ್ದನ್ನು ಕೇಳುತ್ತ ಬಿದ್ದಿದ್ದ. ದಿಂಬು ಒದ್ದೆಯಾಯಿತು. ಪದ್ಮಾವತಿ ನೋಡಿಯೂ ನೋಡದಂತೆ ಫ್ಯಾನು ಜೋರು ಮಾಡಿದಳು.

ಓಡಾಡುವಂತಾದಾಗ ಮೊದಲು ಹೋದದ್ದು ರಾಮಮ್ಮನ ಮನೆಗೆ. ಬೈಸಿಕೊಳ್ಳಲೆಂದೇ ಹೋದ.

“ತಪ್ಪಾಯ್ತಕ್ಕ. ಅವತ್ತು ನಂಗೆ ಬುದ್ಧಿನೇ ನೆಟ್ಟಗಿರ್ಲಿಲ್ಲ.”

ರಾಮಮ್ಮ ಅವನನ್ನೇ ನೋಡಿದಳು. ತುಟಿಯ ಕೊನೆ ಅದುರಿತು. “ನಮ್ಮ ಯಜಮಾನ್ರು ಇದ್ದಾಗ ಎಷ್ಟ್ ಸಲ ಬಂದಿದ್ದೀಯೋ, ಒಂದ್ ಸಲನಾದ್ರೂ ಕುರ್ಚಿ ಮೇಲೆ ಪೂರ್ತಿ ಕೂತಿದ್ಯಾ? ಅವರು ಮಾತು ಶುರು ಮಾಡೋಷ್ಟ್ರಲ್ಲಿ ಕೈ ಮುಗ್ದು ಎದ್ಬಿಡ್ತಿದ್ದೆ. ‘ಸಿದ್ದ ಬಂದಿದ್ನಾ, ಹೋಗಿದ್ನಾ?’ ಅಂತ ನನ್ನ ಕೇಳೋರು. ಅವತ್ತು ಒಂದಿನ ಕಣಪ್ಪ, ಅರ್ಧ ಗಂಟೆ ಅವರ ಪಕ್ಕ ಕೂತಿದ್ದು.”

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಸಿದ್ದರಾಜು ಅವಳು ತಂದಿಟ್ಟ ಕಾಫಿ ಆರುವ ತನಕ ಅಲ್ಲೇ ಕೂತಿದ್ದ.

ಅಲ್ಲಿಂದ ಮುಂದೆ ಮಧ್ಯಾಹ್ನ ಫೋನು ಬಂದ್. ಭಾನುವಾರ ಮಗಳಿಗೆ. ನೀರಿನ ವಿಚಾರ ಅಮರೇಶನಿಗೆ, ಬೀದಿ ದೀಪ ನರೇಶನಿಗೆ. ಸತ್ತವರ ಮನೆಗೆ ತಪ್ಪದೆ ಹೋಗುವುದು, ನಾಮಕರಣಕ್ಕೆ ಹೋಗದಿರುವುದು. “ಆ ಮಕ್ಕಳಿಗೆ ಇನ್ನೂ ಓಟಿಲ್ಲ,” ಎಂದು ನರೇಶನಿಗೆ ಕಾರಣ ಕೊಟ್ಟ. ಮೊದಲ ಸಲ ‘ಆಗಲ್ಲ’ ಎನ್ನಬೇಕಾದಾಗ ಮಾತ್ರ ನಾಲಿಗೆ ಹೊರಳದೆ, ಫೋನನ್ನು ತಾಯಿಯ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿಬಿಟ್ಟ.

ಮೊನ್ನೆ ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದಾಗ ಬೀದಿಯಲ್ಲಿ ಶಿವರಾಜ್‌ನ ಜೀಪು ಹಾರನ್ ಹೊಡೆಯುತ್ತ ಯಾರದೋ ಮನೆಯ ಕಡೆ ಹಾರಿತು. ಸಿದ್ದರಾಜು ಸರಕ್ಕನೆ ಎದ್ದ.

“ಕೂತ್ಕೊಳ್ಳಿ,” ಎಂದಳು ಪದ್ಮಾವತಿ ಒಳಗಿನಿಂದ.

ಕೂತ. ಒಂದು ಕಾಲಿಗೆ ಆಗಲೇ ಚಪ್ಪಲಿ ಹಾಕಿಕೊಂಡಾಗಿತ್ತು. ಅದನ್ನು ತೆಗೆಯಲಿಲ್ಲ.