ಎಡಕ್ಕೆ ಮೂರು ಡಿಗ್ರಿ

ಓರ್ನೆಲ್ಲಾ ತನ್ನ ಮಗನ ತಲೆಯನ್ನು ಪುಡಿಯಂತ್ರಕ್ಕೆ ಹಾಕಿದ್ದು ಮಂಗಳವಾರ ಬೆಳಿಗ್ಗೆ, ಕಾಫಿಗೂ ಮೊದಲು.

ಅದು ಹೆಲ್ಮೆಟ್ ತೊಟ್ಟ ರಾಳದ ತಲೆ, ತೆಂಗಿನಕಾಯಿಯಷ್ಟು ದೊಡ್ಡದು. ಇಟಲಿಯ ಪಾರ್ಮಾ ಹತ್ತಿರದ ಒಂದು ರೇಸ್ ತಂಡದ ಕಾರ್ಖಾನೆಯಲ್ಲಿ ಕಾರು ಕಟ್ಟುವ ಮೊದಲು ಅರ್ಧ ಅಳತೆಯ ಮಾದರಿ ಮಾಡಿ ಗಾಳಿಸುರಂಗದಲ್ಲಿ ನಿಲ್ಲಿಸಿ, ಜೋರಾಗಿ ಗಾಳಿ ಬೀಸಿ ನೋಡುತ್ತಾರೆ. ಗಾಳಿಗೆ ಎಲ್ಲವೂ ಲೆಕ್ಕವೇ, ಹಾಗಾಗಿ ಒಳಗೆ ಚಾಲಕನ ತಲೆಯೂ ಇರಬೇಕು. ಇಪ್ಪತ್ತಾರು ವರ್ಷಗಳಿಂದ ಈ ಮಾದರಿಗಳನ್ನು ಕೈಯಾರೆ ಮಾಡುತ್ತಿದ್ದವಳು ಓರ್ನೆಲ್ಲಾ. ಕಳೆದ ಮೂರು ವರ್ಷ ತಂಡದ ಒಂದೇ ಕಾರನ್ನು ಓಡಿಸಿದವನು ಅವಳ ಒಬ್ಬನೇ ಮಗ ದಾರಿಯೊ. ಮಾರ್ಚಿನಲ್ಲಿ ಅವನ ಸೈಕಲ್ಲಿಗೆ ಲಾರಿ ಬಡಿಯಿತು. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡಿಸುತ್ತಿದ್ದವನು ಸತ್ತದ್ದು ಬ್ರೆಡ್ ತರಲು ಹೋಗಿ. ವಿಧಿಗೆ ಸ್ವಲ್ಪವೂ ನಾಚಿಕೆಯಿಲ್ಲ.

ಮಣ್ಣು ಮಾಡಿದ ನಾಲ್ಕನೆಯ ದಿನ ಅವಳು ಕೆಲಸಕ್ಕೆ ಬಂದಳು. ಅಳಲಿಲ್ಲ. ಕಲ್ಲಿನಂಥವಳು ಎಂದರು ಕೆಲವರು. ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನೆರೆಯವರು ತಂದುಕೊಟ್ಟ ತೊರ್ತೆಲ್ಲಿ ಕಡುಬನ್ನು ತಿಂದಳು. ಒಳಗಿದ್ದದ್ದು ಸೊಪ್ಪೋ ಕುಂಬಳವೋ ಗೊತ್ತಾಗಲಿಲ್ಲ. ಆ ಮಂಗಳವಾರದ ಹಿಂದಿನ ದಿನ ಬಿಸಿ ಅಚ್ಚು ಮುಟ್ಟಿ ಬೆರಳು ಸುಟ್ಟಿತು. ಬೊಬ್ಬೆ ಕಣ್ಣಿಗೆ ಬಿದ್ದ ಮೇಲೆಯೇ ಅದು ತಿಳಿದದ್ದು.

ಎದುರಾಳಿಗಳ ಕೈಗೆ ಆಕಾರ ಸಿಗಬಾರದೆಂದು ತಂಡದಲ್ಲಿ ಹಳೆಯ ಭಾಗಗಳನ್ನೆಲ್ಲ ಪುಡಿ ಮಾಡುತ್ತಾರೆ. ಮುಖ್ಯ ಎಂಜಿನಿಯರ್ ಗ್ವಾಲ್ತಿಯೆರೊ ಇದನ್ನು ಬೇರೆಯವರು ಮಾಡಲಿ ಎಂದಿದ್ದ. ಅವಳು ಕೇಳಲಿಲ್ಲ. ಯಂತ್ರ ಕರಕರ ಅಂದಿತು, ನಿಂತಿತು. ಅವಳಿಗೆ ಏನೂ ಅನ್ನಿಸಲಿಲ್ಲ. ಪುಸ್ತಕದಲ್ಲಿ ಸಹಿ ಹಾಕಿ ಹೊಸ ಚಾಲಕ ಎಲಿಯೊನ ತಲೆಯನ್ನು ಮಾದರಿಗೆ ಕೂರಿಸಿದಳು.

ಅಲ್ಲಿಂದ ಶುರುವಾಯಿತು ಗ್ವಾಲ್ತಿಯೆರೊನ ತಲೆನೋವು. ಚಾಲಕನ ತಲೆಯ ಹಿಂದೆ, ಸ್ವಲ್ಪ ಮೇಲೆ, ಕಾರಿಗೊಂದು ಬಾಯಿ ಇದೆ. ಅಲ್ಲಿ ನುಗ್ಗುವ ಗಾಳಿಯೇ ಎಂಜಿನ್ನಿಗೆ ಉಸಿರು, ಗೇರ್ ಎಣ್ಣೆಗೆ ತಂಪು. ಹೊಸ ತಲೆ ಕೂತದ್ದೇ ತಡ, ಬಾಯಿಗೆ ಬರುವ ಗಾಳಿ ಕಡಿಮೆಯಾಯಿತು. ಇಬ್ಬರ ಹೆಲ್ಮೆಟ್ಟೂ ಒಂದೇ, ಎತ್ತರವೂ ಒಂದೇ. ಮೂರು ದಿನ ಹುಡುಕಿ ಸೋತ ಗ್ವಾಲ್ತಿಯೆರೊ, ಹಿಂಬದಿಯ ಹೊದಿಕೆಯಲ್ಲಿ ಮೀನಿನ ಕಿವಿರಿನಂಥ ಸೀಳುಗಳನ್ನು ಕೊಯ್ದು ಬಿಸಿ ಹೊರಗೆ ಬಿಡುವುದೆಂದು ನಿಶ್ಚಯಿಸಿದ. ಹಾಗೆ ಮಾಡಿದರೆ ನೇರ ದಾರಿಯಲ್ಲಿ ಕಾರು ನಿಧಾನವಾಗುತ್ತದೆ. ದಾರಿಯೊ ಗೆದ್ದದ್ದೆಲ್ಲ ನೇರ ದಾರಿಯಲ್ಲೇ.

ಕೊಯ್ಯುವ ಕೆಲಸ ಓರ್ನೆಲ್ಲಾಳ ಮೇಜಿಗೇ ಬಂತು. ಗರಗಸ ಹಿಡಿದು ಹೊದಿಕೆಯ ಮುಂದೆ ನಿಂತಾಗ ಅವಳಿಗೆ ಹೊಳೆಯಿತು. ದಾರಿಯೊನ ಬಲಗಿವಿ ಚಿಕ್ಕಂದಿನಿಂದ ಮಂದ. ಏನೇ ಕೇಳಿಸಿಕೊಳ್ಳಬೇಕಾದರೂ ಎಡಗಿವಿ ಒಡ್ಡಿ ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದ. ಆ ಅಭ್ಯಾಸ ಕಾರಿನೊಳಗೂ ಬಿಟ್ಟಿರಲಿಲ್ಲ. ಮಾದರಿಯ ನಕ್ಷೆಯಲ್ಲಿ ತಲೆ ನೆಟ್ಟಗಿತ್ತು. ಆದರೆ ಕತ್ತನ್ನು ಅರದಿಂದ ಉಜ್ಜುವಾಗ ಅವಳ ಕೈ ನಕ್ಷೆಯನ್ನು ಬಿಟ್ಟು ಮಗನನ್ನು ಮಾಡಿತ್ತು. ಓರೆ ತಲೆಯ ಪಕ್ಕದಿಂದ ಗಾಳಿ ಬಾಯಿಗೆ ಸಲೀಸಾಗಿ ಹೋಗುತ್ತಿತ್ತು. ಸುರಂಗದ ಲೆಕ್ಕಕ್ಕೂ ರಸ್ತೆಯ ಲೆಕ್ಕಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ ಎಂದು ಗ್ವಾಲ್ತಿಯೆರೊ ಮೂರು ವರ್ಷ ಜಂಬ ಕೊಚ್ಚಿದ್ದ. ಇಡೀ ಕಾರೇ ದಾರಿಯೊನ ವಾಲಿದ ತಲೆಗೆ ಹೊಲಿದ ಅಂಗಿಯಾಗಿತ್ತು.

ಹೇಳಿದರೆ ಇಪ್ಪತ್ತಾರು ವರ್ಷದ ಹೆಸರಿಗೆ ಮಸಿ. ಹೇಳದಿದ್ದರೆ ಆ ಅಂಗಿಯನ್ನು ತನ್ನ ಕೈಯಾರೆ ಹರಿಯಬೇಕು. ಗರಗಸ ಕೆಳಗಿಟ್ಟು ಹೋಗಿ ಹೇಳಿದಳು.

ಗ್ವಾಲ್ತಿಯೆರೊ ನಕ್ಷೆಯನ್ನು ಹತ್ತಿರ ಎಳೆದುಕೊಂಡ.

"ಎಷ್ಟು ವಾಲಿತ್ತು?"

"ಮೂರು ಡಿಗ್ರಿ ಇರಬಹುದು. ಅಳೆದು ಮಾಡಿದ್ದಲ್ಲ."

"ಅಳೆದು ಮಾಡಿದ ನಾವು ಮೂರು ದಿನದಿಂದ ಮಣ್ಣು ಹೊರ್ತಾ ಇದ್ದೀವಿ, ಮಾರಾಯ್ತಿ," ಎಂದ. ಬೈಯಲಿಲ್ಲ. ಮಾದರಿಯಲ್ಲಿ ಎಲಿಯೊನ ತಲೆಯನ್ನು ವಾಲಿಸಿ ನೋಡಿದರು. ಗಾಳಿ ಮೊದಲಿನಂತೆಯೇ ಬಂತು. ಸೀಳಿನ ಮಾತು ಅಲ್ಲಿಗೆ ಮುಗಿಯಿತು.

ಶುಕ್ರವಾರ ಎಲಿಯೊ ಸೀಟಿನ ಅಳತೆಗೆ ಬಂದ. ನೇರ ದಾರಿಯಲ್ಲಿ ತಲೆಯನ್ನು ಒಂಚೂರು ಎಡಕ್ಕೆ ಇಡಬೇಕು ಎಂದು ಅವನಿಗೆ ಹೇಳಿದರು. ಒಮ್ಮೆ ಭುಜಕ್ಕೆ ತಾಗುವಷ್ಟು ವಾಲಿಸಿದ, ಮತ್ತೊಮ್ಮೆ ವಾಲಿಸಲೇ ಇಲ್ಲ.

"ಕಾರು ಓಡಿಸು ಅಂದ್ರೆ ನಿದ್ದೆ ಮಾಡ್ತೀಯಲ್ಲೋ," ಎಂದು ಗ್ವಾಲ್ತಿಯೆರೊ ರೇಗಿಸಿದ.

"ಮೂರು ಡಿಗ್ರಿ ಅಂದ್ರೆ ಎಷ್ಟು ಅಂತ ನನ್ ಕತ್ತಿಗೆ ಹೇಗ್ ಗೊತ್ತಾಗ್ಬೇಕು?" ಎಂದ ಎಲಿಯೊ.

ಓರ್ನೆಲ್ಲಾ ಮುಂದೆ ಬಂದಳು. ಅವನಿನ್ನೂ ಹೆಲ್ಮೆಟ್ ಹಾಕಿರಲಿಲ್ಲ. ಎರಡೂ ಕೈಗಳಲ್ಲಿ ಅವನ ತಲೆ ಹಿಡಿದು ಮೆಲ್ಲಗೆ ಎಡಕ್ಕೆ ವಾಲಿಸಿದಳು. ಎಲ್ಲಿ ನಿಲ್ಲಿಸಬೇಕೆಂದು ಕೈಗೆ ಗೊತ್ತಿತ್ತು. ತಲೆ ಬೆಚ್ಚಗಿತ್ತು. ಕಿವಿಯ ಹಿಂದೆ ಕೂದಲು ಬೆವರಿನಿಂದ ಒದ್ದೆಯಾಗಿತ್ತು, ಬೆರಳ ತುದಿಯಲ್ಲಿ ನಾಡಿ ಹೊಡೆಯುತ್ತಿತ್ತು. ಬೆರಳ ಬೊಬ್ಬೆ ಚುರುಗುಟ್ಟಿತು. ಮೂರು ತಿಂಗಳಲ್ಲಿ ಮೊದಲ ಸಲ ಅವಳಿಗೆ ನೋವಾಯಿತು.

"ಇಷ್ಟು ಸಾಕಾ, ಅಮ್ಮಾ?" ಎಂದು ಎಲಿಯೊ ಕೇಳಿದ.

ಸಾಕಾಗಿತ್ತು. ಆದರೆ ಅವಳು ಕೈ ತೆಗೆಯಲಿಲ್ಲ.

"ಇನ್ನೊಂದ್ ಸ್ವಲ್ಪ ಹೊತ್ತು ಹೀಗೇ ಇರಪ್ಪ," ಎಂದಳು.